ಶನಿವಾರ ಹನ್ನೆರಡರಿಂದ ಎರಡೂವರೆ

ಗ್ರಾಮ ಪಂಚಾಯ್ತಿಯ ಗ್ರಂಥಾಲಯಕ್ಕೆ ಕಾಲಿಟ್ಟರೆ ಸಾಮಾನ್ಯವಾಗಿ ಒಂದು ಗೋಡೆಗೆ ಚಿಣ್ಣರ ಚಿತ್ರಪುಸ್ತಕ, ಎದುರು ಗೋಡೆಗೆ ಎಫ್‌ಡಿಎ, ಪಿಡಿಓ, ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಯ ದಪ್ಪ ಗೈಡು. ನಡುವಿನ 13ರಿಂದ 17ರ ವಯಸ್ಸಿನವರಿಗೆ ಉಳಿಯುವುದು ದಿನಪತ್ರಿಕೆಯ ಕ್ರೀಡಾಪುಟ. ಅದೂ ಹಿರಿಯರು ಓದಿ ಬಿಟ್ಟ ಮೇಲೆ. ಈ ವಯಸ್ಸಿನವರಿಗಾಗಿ ಗ್ರಂಥಾಲಯದಲ್ಲಿ ಪ್ರತಿ ಶನಿವಾರ ಒಂದು ಕೂಟ ನಡೆಸುವುದು ಹೇಗೆ ಎನ್ನುವುದೇ ಇಲ್ಲಿಯ ಮಾತು.

ಈ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷದ ನವೆಂಬರಿನಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತವಾಯಿತು. ಈಗ ಬೋರ್ಡಿನ ಮೇಲೆ ‘ಅರಿವು ಕೇಂದ್ರ’ ಎಂದಿರುತ್ತದೆ. ಒಂಬತ್ತನೇ ಕ್ಲಾಸಿನ ಹುಡುಗಿಯ ಹೆಸರು ವಹಿಗೆ ಬಂದದ್ದು ಹೀಗೆ. ಅವಳು ಬರುತ್ತಾಳೋ ಇಲ್ಲವೋ ಎನ್ನುವುದು ಮಾತ್ರ ಪುಸ್ತಕಕ್ಕಿಂತ ಹೆಚ್ಚಾಗಿ ಗಡಿಯಾರದ ಮೇಲೆ ನಿಂತಿದೆ.

ಶನಿವಾರ ಬೆಳಗಿನ ಶಾಲೆ. ಮಧ್ಯಾಹ್ನದ ಹೊತ್ತಿಗೆ ಬಿಡುತ್ತದೆ. ‘ಮನೆಗೆ ಹೋಗಿ ಊಟ ಮಾಡಿ ಮೂರಕ್ಕೆ ಬನ್ನಿ’ ಎಂದು ಹೇಳಿದರೆ ಹುಡುಗರು ಬರುತ್ತಾರೆ, ಹುಡುಗಿಯರು ಬರುವುದಿಲ್ಲ. ಮನೆ ಸೇರಿದ ಹುಡುಗಿಗೆ ಬಟ್ಟೆ ಒಗೆಯುವುದು, ತಮ್ಮನನ್ನು ನೋಡಿಕೊಳ್ಳುವುದು, ದನಕ್ಕೆ ನೀರು ಕುಡಿಸುವುದು ಕಾದಿರುತ್ತದೆ. ಮತ್ತೆ ಹೊರಡಲು ಅವಳಿಗೆ ಕಾರಣ ಬೇಕು. ‘ಲೈಬ್ರರಿಗೆ’ ಎಂದರೆ ಅದು ಸಾಲುವುದಿಲ್ಲ. ಅದಕ್ಕೇ ಶಾಲೆಯಿಂದ ನೇರವಾಗಿ ಬರುವಂತೆ ಕೂಟವನ್ನು 12 ಗಂಟೆಗೆ ಶುರುಮಾಡಿ, ಬಸ್ಸಿನ ಹೊತ್ತು ನೋಡಿಕೊಂಡು 2:30ಕ್ಕೆ ಮುಗಿಸುವುದು. ಇನ್ನೊಂದು ವಿಷಯವಿದೆ, ವರದಿಗಳಲ್ಲಿ ಯಾರೂ ಬರೆಯುವುದಿಲ್ಲ: ಒಂದೇ ಕೋಣೆಯ ಗ್ರಂಥಾಲಯಕ್ಕೆ ಶೌಚಾಲಯ ಇರುವುದಿಲ್ಲ. ಪಂಚಾಯ್ತಿ ಆಫೀಸಿನ ಶೌಚಾಲಯದ ಕೀಲಿಕೈ ಶುಕ್ರವಾರವೇ ಇಸಿದುಕೊಂಡಿರಬೇಕು, ಶನಿವಾರ ಆಫೀಸು ಮುಚ್ಚಿದ್ದರೆ ಕಥೆ ಮುಗಿಯಿತು. ಕೀಲಿಕೈಯನ್ನು ಗ್ರಂಥಾಲಯದ ಮೇಲ್ವಿಚಾರಕರ ಮೇಜಿನ ಮೇಲಿಡಬೇಡಿ, ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿ. ಕೇಳಿ ಪಡೆಯಬೇಕಾದ ಕೀಲಿಕೈಯನ್ನು 14ರ ಹುಡುಗಿ ಕೇಳುವುದೇ ಇಲ್ಲ, ಒಂದು ಗಂಟೆಗೇ ಎದ್ದು ಹೋಗುತ್ತಾಳೆ.

ಶುಕ್ರವಾರ ಸಂಜೆಯ ಇನ್ನೊಂದು ಕೆಲಸ ಹಗ್ಗ ಕಟ್ಟುವುದು. ಹದಿಹರೆಯದವರಿಗೆ ಹಿಡಿಸುವ ಕನ್ನಡ ಪುಸ್ತಕಗಳಲ್ಲಿ, ವಿಜ್ಞಾನ, ಜೀವನಚರಿತ್ರೆ, ಸಣ್ಣ ಕಥೆ ಯಾವುದೇ ಇರಲಿ, ಬಹುಪಾಲು 48, 64, 80 ಪುಟದವು. ನಡುವೆ ಪಿನ್ನು ಹೊಡೆದ ಪುಸ್ತಕಕ್ಕೆ ಬೆನ್ನೇ ಇಲ್ಲ, ಬೆನ್ನಿಲ್ಲದ ಮೇಲೆ ಹೆಸರೂ ಇಲ್ಲ. ಬೀರುವಿನಲ್ಲಿ ಒತ್ತಾಗಿ ನಿಲ್ಲಿಸಿದರೆ ಕಾಣುವುದು ಬಿಳಿ ಕಾಗದದ ಗೆರೆಗಳು ಮಾತ್ರ. ಒಂದು ಕಿಟಕಿಯ ಸರಳಿನಿಂದ ಇನ್ನೊಂದಕ್ಕೆ 12 ಅಡಿ ನೈಲಾನ್ ಹಗ್ಗ ಬಿಗಿದು, ಪುಸ್ತಕವನ್ನು ನಡುವೆ ಬಿಚ್ಚಿ ಬಟ್ಟೆ ಒಣಹಾಕಿದಂತೆ ಇಳಿಬಿಟ್ಟರೆ ಸುಮಾರು 20 ಮುಖಪುಟ ಕಾಣುತ್ತವೆ. ಎತ್ತರ ಮಕ್ಕಳ ಎದೆಮಟ್ಟ. ಕ್ಲಿಪ್ಪು ಹಾಕಬೇಡಿ, ರಟ್ಟಿನ ಮೇಲೆ ಹಲ್ಲಿನ ಗುರುತು ಬೀಳುತ್ತದೆ. 100 ಪುಟ ದಾಟಿದ ಅಂಟಿನ ಬೈಂಡಿನ ಪುಸ್ತಕ ಹಗ್ಗಕ್ಕೆ ಬೇಡ, ಎರಡು ವಾರದಲ್ಲಿ ನಡುವಿನಿಂದ ಬಾಯಿ ಬಿಡುತ್ತದೆ. ಅವನ್ನು ಮೇಜಿನ ಮೇಲೆ ಮುಖ ಮೇಲಾಗಿ ಹರಡಿ. ಬಿಸಿಲು ಬೀಳುವ ಕಿಟಕಿಯೂ ಬೇಡ, ಕೆಂಪು ಮೊದಲು ಮಾಸುತ್ತದೆ.

ಹನ್ನೆರಡಕ್ಕೆ ಮಕ್ಕಳು ಬಂದರು ಎನ್ನಿ. ಮೊದಲ ಇಪ್ಪತ್ತು ನಿಮಿಷ ಏನೂ ಮಾಡಿಸಬೇಡಿ. ಬಹಳ ಕಡೆ ತಪ್ಪುವುದು ಇಲ್ಲೇ: ಸ್ವಾಗತ, ಪ್ರಾರ್ಥನೆ, ಅತಿಥಿಗಳಿಗೊಂದು ಹಾರ, ನಂತರ ‘ಓದಿನ ಮಹತ್ವ’. ಬೆಳಗಿನಿಂದ ಬೆಂಚಿನ ಮೇಲೆ ಕೂತು ಬಂದ ಮಕ್ಕಳಿಗೆ ಇದು ಐದನೇ ಪೀರಿಯಡ್ಡು. ಚೆಸ್ ಬೋರ್ಡು ಎರಡು, ಕೇರಂ ಒಂದು, ಹಗ್ಗದ ಪುಸ್ತಕ, ಕುಡಿಯುವ ನೀರು ಇದ್ದರೆ ಅಷ್ಟು ಹೊತ್ತು ತಾನಾಗಿ ಸಾಗುತ್ತದೆ. ಕೇರಂ ಬಾಗಿಲ ಹೊರಗಿರಲಿ, ಒಳಗಿದ್ದರೆ ಸ್ಟ್ರೈಕರಿನ ಸದ್ದಿಗೆ ಬೇರೇನೂ ನಡೆಯದು.

ಆಮೇಲೆ ಪುಸ್ತಕದ ಮಾತು, ಒಂದು ಪುಸ್ತಕಕ್ಕೆ ಎರಡೇ ನಿಮಿಷ, ಒಟ್ಟು ಮೂರು ಪುಸ್ತಕ. ಕಥೆಯ ಗಂಟು ಬಿಗಿಯಾಗುವವರೆಗೆ ಹೇಳಿ ಅಲ್ಲೇ ನಿಲ್ಲಿಸಬೇಕು. ಕೊನೆ ಹೇಳಿದರೆ ಆ ಪುಸ್ತಕ ಅವತ್ತು ಯಾರ ಕೈಗೂ ಹೋಗುವುದಿಲ್ಲ.

ಓದಿಸುವ ವಿಚಾರ ಸೂಕ್ಷ್ಮ. ಎಂಟನೇ ಕ್ಲಾಸಿಗೆ ಬಂದರೂ ಒತ್ತಕ್ಷರ ಬಂದಾಗ ತಡವರಿಸುವವರು ಪ್ರತಿ ಗುಂಪಿನಲ್ಲೂ ಇರುತ್ತಾರೆ. ವೃತ್ತದಲ್ಲಿ ಕೂರಿಸಿ ಸರದಿಯಂತೆ ಗಟ್ಟಿಯಾಗಿ ಓದಿಸಿದರೆ ಸರದಿ ಬರುವ ಮೊದಲೇ ಒಬ್ಬನಿಗೆ ‘ಅವ್ವ ಕರೀತಾಳೆ’ ಎಂಬುದು ನೆನಪಾಗುತ್ತದೆ, ಮುಂದಿನ ವಾರದಿಂದ ಅವನು ಇಲ್ಲ. ಇದಕ್ಕೆ ಉಪಾಯವೆಂದರೆ ಮೂರು, ನಾಲ್ಕನೇ ಕ್ಲಾಸಿನ ಮಕ್ಕಳನ್ನೂ ಕರೆದು ಒಬ್ಬ ದೊಡ್ಡವರಿಗೆ ಒಂದು ಚಿಕ್ಕ ಮಗು ಜೋಡಿ ಮಾಡುವುದು. ‘ಈ ಮಗುವಿಗೆ ಓದಿ ಹೇಳಣ್ಣ’ ಎಂದು ಪುಟಕ್ಕೆರಡು ಸಾಲಿನ ಪುಸ್ತಕ ಕೊಟ್ಟರೆ, ತನ್ನ ಮಟ್ಟದ ಪುಸ್ತಕ ತನಗೆ ಸಿಕ್ಕಿದೆ ಎಂಬುದು ಬೇರೆಯವರಿಗೆ ಗೊತ್ತಾಗುವುದಿಲ್ಲ, ಅವನ ಮರ್ಯಾದೆಯೂ ಉಳಿಯುತ್ತದೆ. ಹದಿನೈದು ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಚಿಕ್ಕದು ಎದ್ದು ಓಡುತ್ತದೆ.

ಕಂಪ್ಯೂಟರು ಒಂದೋ ಎರಡೋ ಇರುತ್ತವೆ. ಹದಿನೈದು ನಿಮಿಷಕ್ಕೊಬ್ಬರಂತೆ ಹಾಳೆಯಲ್ಲಿ ಹೆಸರು ಬರೆಸಿ, ಮೊದಲ ನಾಲ್ಕು ಸಾಲು ಹುಡುಗಿಯರಿಗೆ ಬಿಡಿ. ಬಿಡದಿದ್ದರೆ ಇಡೀ ಹಾಳೆ ಎರಡೇ ನಿಮಿಷದಲ್ಲಿ ಒಂದೇ ಓಣಿಯ ಹುಡುಗರಿಂದ ತುಂಬುತ್ತದೆ. ಕಂಪ್ಯೂಟರಿನ ನಿಜವಾದ ಉಪಯೋಗ ವಿದ್ಯಾರ್ಥಿವೇತನಕ್ಕೆ. ಸರ್ಕಾರಿ ಮತ್ತು ಅನುದಾನಿತ ಶಾಲೆಯ ಎಂಟನೇ ಕ್ಲಾಸಿನವರಿಗೆ ಎನ್‌ಎಂಎಂಎಸ್ ಎಂಬ ಕೇಂದ್ರ ಸರ್ಕಾರದ ವಿದ್ಯಾರ್ಥಿವೇತನದ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷ ದಾಟಿರಬಾರದು. ಪ್ರಶ್ನೆಪತ್ರಿಕೆ ಎರಡು, ತಲಾ 90 ಪ್ರಶ್ನೆ, 90 ನಿಮಿಷ. ಪಾಠದ ಪ್ರಶ್ನೆಗಳನ್ನು ಶಾಲೆ ನೋಡಿಕೊಳ್ಳುತ್ತದೆ. ಬುದ್ಧಿಮತ್ತೆಯ ಪತ್ರಿಕೆಯ ಸಂಖ್ಯಾಸರಣಿ, ಕನ್ನಡಿ ಬಿಂಬ, ಸಂಕೇತ ಭಾಷೆ ಶಾಲೆಯ ಪುಸ್ತಕದಲ್ಲಿ ಇರುವುದಿಲ್ಲ. ಹಳೆಯ ಪತ್ರಿಕೆ ಪ್ರಿಂಟು ತೆಗೆದು ವಾರಕ್ಕೆ 20 ಪ್ರಶ್ನೆಯಂತೆ ಬಿಡಿಸುವ ಜಾಗ ಗ್ರಂಥಾಲಯವೇ. ಇಷ್ಟೆಲ್ಲ ಆಗಿ ಆಯ್ಕೆಯಾದ ಮೇಲೂ ದುಡ್ಡು ನಿಲ್ಲುವುದು ಹೆಸರಿನಲ್ಲಿ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಹಿಂದೆ, ಆಧಾರಿನಲ್ಲಿ ಮುಂದೆ, ಪಾಸ್‌ಬುಕ್ಕಿನಲ್ಲಿ ಇಲ್ಲವೇ ಇಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಅಕ್ಷರ ತಾಳೆ ನೋಡುವ ಕೆಲಸ ಪರೀಕ್ಷೆಗೆ ಮುಂಚೆಯೇ ಆಗಬೇಕು. ಪ್ರತಿವರ್ಷ ನವೀಕರಣ ಮಾಡಬೇಕೆಂಬುದನ್ನು ಮರೆತವರಿಗೆ ಎರಡನೇ ವರ್ಷದ ಹಣ ಇಲ್ಲ.

ಇನ್ನು ಎರವಲು. ಪುಸ್ತಕ ಕಳೆದರೆ ತನ್ನ ಕೈಯಿಂದ ಕಟ್ಟಬೇಕಾದೀತೆಂಬ ಭಯಕ್ಕೆ ಬೀರುವಿಗೆ ಬೀಗ ಹಾಕಿ ‘ಇಲ್ಲೇ ಓದಿ’ ಎನ್ನುವ ಮೇಲ್ವಿಚಾರಕರಿದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. 30 ಮಕ್ಕಳು ಬಸ್ಸಿಗೆ ಹತ್ತು ನಿಮಿಷ ಇರುವಾಗ ಒಟ್ಟಿಗೆ ಮುತ್ತಿದರೆ ದಿನಾಂಕ, ಸದಸ್ಯ ಸಂಖ್ಯೆ, ಪುಸ್ತಕದ ಸಂಖ್ಯೆ, ಸಹಿ ಅಂತ ಬರೆಯಲು ಒಬ್ಬೊಬ್ಬರಿಗೆ ಒಂದು ನಿಮಿಷವಾದರೂ ಬೇಕು. ಪ್ರತಿ ಪುಸ್ತಕದ ಹಿಂಬದಿ ರಟ್ಟಿನೊಳಗೆ ಅದರ ಸಂಖ್ಯೆ ಬರೆದ ಚೀಟಿಯೊಂದನ್ನು ಮೊದಲೇ ಸಿಕ್ಕಿಸಿಟ್ಟರೆ ಮಗು ಅದರಲ್ಲಿ ಹೆಸರು, ಕ್ಲಾಸು, ಊರು ಬರೆದು ಡಬ್ಬಿಗೆ ಹಾಕಿ ಹೊರಡುತ್ತದೆ. ವಹಿಗೆ ಏರಿಸುವುದು ಆಮೇಲೆ, ನಿಧಾನವಾಗಿ. ಚೀಟಿಗಳನ್ನು ಊರಿನ ಪ್ರಕಾರ ಕಟ್ಟಿಡಿ. ಒಂದೊಂದು ಊರಿಗೆ ಒಬ್ಬ ಹುಡುಗನೋ ಹುಡುಗಿಯೋ ಎಲ್ಲರ ಪುಸ್ತಕ ಒಟ್ಟು ಮಾಡಿ ತರುವ ಏರ್ಪಾಡಾದರೆ ವಾಪಸಾತಿಯ ತಲೆನೋವು ಅರ್ಧ ಇಳಿಯುತ್ತದೆ.

ಮುಟ್ಟು, ಮೈ ಬೆಳವಣಿಗೆ ಕುರಿತ ಪುಸ್ತಕಗಳಿಗೆ ಮಾತ್ರ ಚೀಟಿ ಬೇಡ. ಹೆಸರು ಬರೆಯಬೇಕೆಂದರೆ ಯಾರೂ ಮುಟ್ಟುವುದಿಲ್ಲ. ಎರಡೆರಡು ಪ್ರತಿ ತಂದು, ಮೇಲ್ವಿಚಾರಕರ ಕಣ್ಣಿಗೆ ಬೀಳದ ಮೂಲೆಯ ಕೆಳ ಅರೆಯಲ್ಲಿಡಿ. ಇವು ಹೋದಷ್ಟೇ ಸದ್ದಿಲ್ಲದೆ ಬರುತ್ತವೆ, ಕೆಲವು ಬರುವುದಿಲ್ಲ. ಬರದಿದ್ದದ್ದು ಯಾರದೋ ಮನೆಯಲ್ಲಿ ಓದಿಸಿಕೊಳ್ಳುತ್ತಿದೆ ಎಂದುಕೊಳ್ಳುವುದು. ಮನೆಗಂದಾಯದ ಜೊತೆ ಶೇ 6ರಂತೆ ವಸೂಲಾಗುವ ಗ್ರಂಥಾಲಯ ಕರ ಇಂಥದ್ದಕ್ಕೂ ಖರ್ಚಾಗಲಿ.

ಎರಡೂವರೆಗೆ ಕೇರಂ ಪಾನುಗಳನ್ನು ಎಣಿಸಿ ಡಬ್ಬಿಗೆ ಹಾಕುವಾಗ ಕೆಂಪು ಪಾನು ಇರುವುದಿಲ್ಲ. ಹಗ್ಗದ ಪುಸ್ತಕ ಇಳಿಸಿ, ಮಡಿಕೆ ಬಿದ್ದವನ್ನು ಗೈಡುಗಳ ಭಾರದ ಕೆಳಗೆ ಒತ್ತಿಡಬೇಕು. ಗೈಡುಗಳು ಆ ಮಟ್ಟಿಗೆ ಒದಗುತ್ತವೆ. ಶೌಚಾಲಯದ ಕೀಲಿಕೈ ಎಷ್ಟೋ ಸಲ ಯಾರದೋ ಸ್ಕೂಲ್ ಬ್ಯಾಗಿನಲ್ಲಿ ಪಕ್ಕದ ಊರು ಸೇರಿರುತ್ತದೆ. ಅದಕ್ಕೊಂದು ಗೇಣುದ್ದದ ಮರದ ತುಂಡು ಕಟ್ಟಿ, ಇಲ್ಲವಾದರೆ ಸೋಮವಾರ ಬೆಳಿಗ್ಗೆ ಬಿಲ್ ಕಲೆಕ್ಟರ್ ಗ್ರಂಥಾಲಯದ ಬಾಗಿಲಲ್ಲಿ ನಿಂತಿರುತ್ತಾರೆ.