ನಮ್ಮ ವಂಶದಲ್ಲಿ ಯಾರಿಗೂ ಕ್ಯಾನ್ಸರ್ ಇಲ್ಲ, ನನಗ್ಯಾಕೆ ತಪಾಸಣೆ?

ತಪಾಸಣೆ ಮಾಡಿಸಿಕೊಳ್ಳಿ ಎಂದಾಗಲೆಲ್ಲ ಹೆಂಗಸರು ಕೇಳುವ ಮಾತಿದು. ಸ್ತನ ಕ್ಯಾನ್ಸರಿನಲ್ಲಿ ವಂಶದಿಂದ ಬರುವುದು ನೂರಕ್ಕೆ 5ರಿಂದ 10 ಮಾತ್ರ. ಗರ್ಭಕಂಠದ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ಅಂತೂ ಹೆಚ್ಚುಕಮ್ಮಿ ಪೂರ್ತಿಯಾಗಿ ಎಚ್‌ಪಿವಿ ಎಂಬ ವೈರಸ್ಸಿನ ಕೆಲಸ.

2022ರ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 23 ಲಕ್ಷ ಹೆಂಗಸರಿಗೆ ಸ್ತನ ಕ್ಯಾನ್ಸರ್, 6.6 ಲಕ್ಷ ಜನಕ್ಕೆ ಗರ್ಭಕಂಠದ್ದು ಹೊಸದಾಗಿ ಬಂತು. ಶ್ರೀಮಂತ ದೇಶಗಳಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು, ಆದರೆ ಉಳಿಯುವವರೂ ಹೆಚ್ಚು. ಭಾರತದಲ್ಲಿ ಅದೇ ವರ್ಷ ಸುಮಾರು 1.9 ಲಕ್ಷ ಹೊಸ ಸ್ತನ ಕ್ಯಾನ್ಸರ್, 98 ಸಾವಿರ ಸಾವು. ಆಸ್ಪತ್ರೆಗೆ ತಡವಾಗಿ ಬರುವುದೇ ಇಷ್ಟು ಸಾವಿಗೆ ದೊಡ್ಡ ಕಾರಣ. ಸ್ತನದ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ, ನೋವಿಲ್ಲವೆಂದು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ.

ವಯಸ್ಸು, ಬೇಗ ಶುರುವಾದ ಮುಟ್ಟು, ತಡವಾದ ಮೊದಲ ಹೆರಿಗೆ, ಮದ್ಯ ಇವೆಲ್ಲ ಸ್ತನ ಕ್ಯಾನ್ಸರಿನ ಅಪಾಯವನ್ನು ಸ್ವಲ್ಪಸ್ವಲ್ಪ ಏರಿಸುತ್ತವೆ, ಎದೆಹಾಲೂಡಿಸುವುದು ಇಳಿಸುತ್ತದೆ. ಮುಟ್ಟು ನಿಂತ ಮೇಲೆ ಮೈಯ ಕೊಬ್ಬೇ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನನ್ನು ತಯಾರಿಸುವುದರಿಂದ ಆಗ ಏರುವ ತೂಕವೂ ಈ ಅಪಾಯದ ಲೆಕ್ಕಕ್ಕೆ ಸೇರುತ್ತದೆ. (ತಡವಾದ ಹೆರಿಗೆಯ ಮಾತನ್ನು ಹಿಡಿದು ತಡವಾಗಿ ಮದುವೆಯಾದವರನ್ನು ದಯವಿಟ್ಟು ಹಂಗಿಸಬೇಡಿ.)

ಗರ್ಭಕಂಠದ ವಿಷಯದಲ್ಲಿ ನಮಗೆ ಸಮಯವಿದೆ. ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. 30 ದಾಟಿದವರಿಗೆ ಮಾಡುವ ಸರಳ ಪರೀಕ್ಷೆ ವಿಐಎ. ಅಸಿಟಿಕ್ ಆಮ್ಲದ ತೆಳು ದ್ರಾವಣದಲ್ಲಿ ಅದ್ದಿದ ಹತ್ತಿಯನ್ನು ಗರ್ಭಕೋಶದ ಬಾಯಿಗೆ ಒತ್ತಿ, ಒಂದು ನಿಮಿಷ ಬಿಟ್ಟು, ಒಳ್ಳೆಯ ಬೆಳಕಿನಲ್ಲಿ ನೋಡುತ್ತಾರೆ. ಜೀವಕೋಶಗಳು ಬದಲಾಗಿರುವ ಕಡೆ ಬೆಳ್ಳಗಾಗುತ್ತದೆ. ಬೆಳ್ಳಗಾದ ಮಾತ್ರಕ್ಕೆ ಕ್ಯಾನ್ಸರಲ್ಲ, ಬರೀ ಉರಿಯೂತವಿದ್ದರೂ ಹಾಗೆ ಕಾಣಬಹುದು. ಕಾಲ್ಪೊಸ್ಕೋಪಿ, ಅಂದರೆ ಆ ಜಾಗವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ನೋಡುವ ಪರೀಕ್ಷೆ, ಮಾಡಿದರೆ ಗೊತ್ತಾಗುತ್ತದೆ. ಆದರೆ ಹೆದರಿ ಮತ್ತೆ ಆಸ್ಪತ್ರೆಯ ಕಡೆ ತಲೆ ಹಾಕದವರು ಬಹಳ, ಎಡವಟ್ಟಾಗುವುದೇ ಅಲ್ಲಿ. ವಿಐಎಗೆ ಮುಟ್ಟಿನ ದಿನಗಳಲ್ಲಿ ಹೋಗಬೇಡಿ, ಹಿಂದಿನ ಎರಡು ದಿನ ಯೋನಿಯೊಳಗೆ ಔಷಧಿ ಇಟ್ಟುಕೊಳ್ಳಬೇಡಿ. ಮುಟ್ಟು ನಿಂತವರಲ್ಲಿ ನೋಡಬೇಕಾದ ಜಾಗವೇ ಒಳಗೆ ಸರಿದಿರುತ್ತದೆ, ವಿಐಎ 'ಸರಿಯಿದೆ' ಎಂದರೂ ನಂಬುವಂತಿಲ್ಲ. ಅವರಿಗೆ ಎಚ್‌ಪಿವಿ ಪರೀಕ್ಷೆಯೇ ಮೇಲು. ಎಚ್‌ಪಿವಿ ಲಸಿಕೆ ಹಾಕಿಸಿಕೊಂಡವರಿಗೂ ತಪಾಸಣೆ ತಪ್ಪದು.

ಇನ್ನು ವಂಶದ ಮಾತು. ತಾಯಿ, ಚಿಕ್ಕಮ್ಮಂದಿರ ಲೆಕ್ಕ ಹಾಕುವವರು ಸೋದರತ್ತೆಯರನ್ನು ಮರೆಯುತ್ತಾರೆ. ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಏರಿಸುವ ಬಿಆರ್‌ಸಿಎ ಎಂಬ ಜೀನಿನ ದೋಷ ತಂದೆಯ ಕಡೆಯಿಂದಲೂ ಅಷ್ಟೇ ಬರುತ್ತದೆ. ಸೋದರತ್ತೆಗೋ ಅಜ್ಜಿಗೋ 50ರೊಳಗೆ ಸ್ತನ ಕ್ಯಾನ್ಸರ್ ಅಥವಾ ಯಾವ ವಯಸ್ಸಿನಲ್ಲಾದರೂ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ ಎಂದು ವಿಚಾರಿಸಿ, ಬಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.