ಪೆಟುಲಾ ಕ್ಲಾರ್ಕ್‌ಗೆ ಇವತ್ತು 92

ನವೆಂಬರ್ 15, 2024, ಶುಕ್ರವಾರ

ಬೆಳಿಗ್ಗೆಯಿಂದ ಮನೇಲಿ ಬ್ರಿಟಿಷ್ ಗಾಯಕಿ ಪೆಟುಲಾ ಕ್ಲಾರ್ಕ್ ಹಾಡೇ ಓಡ್ತಿದೆ, ಇವತ್ತು ಅವರ ಹುಟ್ಟಿದಬ್ಬ. ಹೆಸರು ಗೊತ್ತಿಲ್ದೋರಿಗೂ 'ಡೌನ್‌ಟೌನ್' ಎಲ್ಲೋ ಒಂದ್ಸಲ ಕಿವಿಗೆ ಬಿದ್ದಿರತ್ತೆ. ಟೋನಿ ಹ್ಯಾಚ್ ಬರೆದಿದ್ದು, 1964ರಲ್ಲಿ ಲಂಡನ್ನಲ್ಲಿ ರೆಕಾರ್ಡ್ ಆಯ್ತು, ಮುಂದಿನ ಜನವರಿಗೆಲ್ಲ ಅಮೆರಿಕದಲ್ಲಿ ನಂಬರ್ ಒನ್. ಎಲ್ರೂ ಅವರ ಕಥೇನ ಅಲ್ಲಿಗೇ ನಿಲ್ಲಿಸ್ಬಿಡ್ತಾರೆ, ಅದೇ ನಂಗೆ ಬೇಜಾರು.

ಶುರುವಾಗಿದ್ದು 1942ರಲ್ಲಿ, ಯುದ್ಧದ ಮಧ್ಯೆ. ಸೈನ್ಯದಲ್ಲಿದ್ದ ಮನೆಯವರಿಗೊಂದು ಮೆಸೇಜ್ ಹೇಳೋಕೆ ಅಂತ ಬಿಬಿಸಿ ರೇಡಿಯೋ ಕಾರ್ಯಕ್ರಮಕ್ಕೆ ಲಂಡನ್ನಿನ ಕ್ರೈಟೀರಿಯನ್ ಥಿಯೇಟರ್‌ಗೆ ಹೋಗಿದ್ಲು, ಅಷ್ಟರಲ್ಲಿ ಬಾಂಬ್ ದಾಳಿ, ಕಾರ್ಯಕ್ರಮ ನಿಂತೋಯ್ತು, ಜನ ಗಾಬರಿ ಆಗಿದ್ರು, ಯಾರಾದ್ರೂ ಹಾಡ್ತೀರಾ ಅಂತ ಪ್ರೊಡ್ಯೂಸರ್ ಕೇಳಿದ್ರೆ ಈ ಒಂಬತ್ತು ವರ್ಷದ ಹುಡುಗಿ ಎದ್ದು ನಿಂತು ಹಾಡಿದ್ಲು.

ಅವರ ಮೇಲೆ ಗೌರವ ಇನ್ನೂ ಜಾಸ್ತಿ ಆಗಿದ್ದು 1968ರ ಒಂದು ವಿಷಯಕ್ಕೆ. ಅಮೆರಿಕದ ಟಿವಿ ಶೋನಲ್ಲಿ ಗಾಯಕ ಹ್ಯಾರಿ ಬೆಲಫಾಂಟೆ ಜೊತೆ ಹಾಡ್ತಾ ಹಾಡ್ತಾ ಅವರ ತೋಳು ಹಿಡ್ಕೊಂಡ್ರು, ಅಷ್ಟೇ. ಬಿಳಿ ಹೆಂಗಸು ಕರಿಯ ಗಂಡಸನ್ನ ಮುಟ್ಟೋದಾ ಅಂತ ಸ್ಪಾನ್ಸರ್ ಕಡೆಯಿಂದ ತಕರಾರು ಬಂತು, ಬೇರೆ ಟೇಕ್ ಹಾಕಿ ಅಂದ್ರು. ಪೆಟುಲಾ ಮತ್ತೆ ಅವರ ಗಂಡ ಮಿಕ್ಕ ಟೇಕೆಲ್ಲ ಅಳಿಸಿಹಾಕಿಸಿ ಅದೊಂದನ್ನೇ ಉಳಿಸಿದ್ರು!

ಆಮೇಲೆ ಸ್ಟೇಜ್, ಹಾಡಿನ ನಾಟಕಗಳು. 1981ರಲ್ಲಿ ಲಂಡನ್ನಿನ ಅಪೊಲೊ ವಿಕ್ಟೋರಿಯಾ ಥಿಯೇಟರಲ್ಲಿ 'ದಿ ಸೌಂಡ್ ಆಫ್ ಮ್ಯೂಸಿಕ್', ಸನ್ಯಾಸಿನಿ ಆಗೋಕೆ ಹೊರಟ ಎಳೇ ಹುಡುಗಿ ಮಾರಿಯಾ ಪಾತ್ರ, ಇವರಿಗಾಗ 48. 1993ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಲಿ 'ಬ್ಲಡ್ ಬ್ರದರ್ಸ್', ಬಡತನ ತಾಳಲಾರದೆ ಅವಳಿ ಮಕ್ಕಳಲ್ಲಿ ಒಂದನ್ನ ಕೊಟ್ಬಿಡೋ ತಾಯಿ. ಅದಾದ್ಮೇಲೆ 'ಸನ್‌ಸೆಟ್ ಬುಲೆವಾರ್ಡ್'ನ ನೋರ್ಮಾ ಡೆಸ್ಮಂಡ್, ಜನ ಮರೆತ ಹಳೇ ಮೂಕಿ ಚಿತ್ರಗಳ ನಟಿ. ವಾರಕ್ಕೆ ಎಂಟು ಶೋ, ರೆಕಾರ್ಡಿಂಗ್ ಥರ ಇನ್ನೊಂದು ಟೇಕ್ ತಗೊಳ್ಳೋ ಹಾಗಿಲ್ಲ.

ಮಧ್ಯಾಹ್ನ 'ಡೌನ್‌ಟೌನ್' ಎರಡು ರೆಕಾರ್ಡಿಂಗ್ ಒಂದಾದ ಮೇಲೊಂದು ಕೇಳಿದೆ. 1964ರದ್ದು ಪಿಯಾನೋದಲ್ಲಿ ಶುರುವಾಗಿ ತುತ್ತೂರಿ ಸೇರ್ಕೊಂಡು ಏರ್ತಾ ಹೋಗತ್ತೆ, ಬಾ ಅಂತ ಕೈ ಹಿಡಿದು ಎಳೆಯೋ ದನಿ. 2013ರದ್ದು ತುಂಬಾ ನಿಧಾನ, ಎಂಬತ್ತರ ದನಿ, ಹತ್ರ ಕೂತು ಮೆಲ್ಲಗೆ ಮಾತಾಡ್ದಂಗೆ. ಅದೇ ಮಾತು, ಅದೇ ಟ್ಯೂನ್, ಆದ್ರೆ ಒಂಟಿತನದ ಹಾಡು ಇದು ಅಂತ ನಂಗೆ ಅರ್ಥ ಆಗಿದ್ದು ಎರಡನೇದು ಕೇಳಿದ್ಮೇಲೇನೇ.

2019ರಲ್ಲಿ ಲಂಡನ್ನಿನ ಪ್ರಿನ್ಸ್ ಎಡ್ವರ್ಡ್ ಥಿಯೇಟರ್‌ನಲ್ಲಿ 'ಮೇರಿ ಪಾಪಿನ್ಸ್', ಅದರಲ್ಲಿ ಚರ್ಚ್ ಮೆಟ್ಟಿಲ ಮೇಲೆ ಕೂತು ಹಕ್ಕಿಗಳಿಗೆ ಹಾಕೋ ಕಾಳು ಎರಡೆರಡು ಪೆನ್ನಿಗೆ ಮಾರೋ ಅಜ್ಜಿ ಪಾತ್ರ ಇವರದು. ಕೋವಿಡ್ ಬಂದು 2020ರ ಮಾರ್ಚಲ್ಲಿ ಥಿಯೇಟರೇ ಮುಚ್ಚೋಯ್ತು. 2021ರ ಆಗಸ್ಟಲ್ಲಿ ಮತ್ತೆ ಬಾಗಿಲು ತೆರೆದಾಗ 88 ವರ್ಷದ ಈ ಅಮ್ಮ ವಾಪಸ್ ಬಂದು ಅದೇ ಮೆಟ್ಟಿಲ ಮೇಲೆ ಕೂತು ಹಾಡಿದ್ರು. ಮ್ಯಾಪ್ ತೆಗೆದು ನೋಡಿದೆ, ಒಂಬತ್ತು ವರ್ಷಕ್ಕೆ ಎದ್ದು ಹಾಡಿದ್ದ ಆ ಕ್ರೈಟೀರಿಯನ್ ಥಿಯೇಟರ್ ಇಂದ ಈ ಪ್ರಿನ್ಸ್ ಎಡ್ವರ್ಡ್ ಥಿಯೇಟರಿಗೆ ನಡ್ಕೊಂಡೇ ಹೋಗಬಹುದು, ಹತ್ತು ಹದಿನೈದು ನಿಮಿಷದ ದಾರಿ.