ಕಕ್ಕಡ ಹದಿನೆಂಟರ ಮರುದಿನ

ಆಗಸ್ಟ್ 4ರಂದು ಕೊಡಗಿನ ಆಸ್ಪತ್ರೆಗಳಲ್ಲಿ ಯೂರಿನ್ ಬಾಟಲಿ ನೋಡಿ ಹೊಸಬರು ಗಾಬರಿಯಾಗುವುದುಂಟು. ಹಿಂದಿನ ದಿನ ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪು ಬೇಯಿಸಿ, ಆ ನೇರಳೆ ರಸದಲ್ಲಿ ಅಕ್ಕಿ ಹಾಕಿ ಪಾಯಸ ಮಾಡಿರುತ್ತಾರೆ. ತುಪ್ಪ, ಜೇನು ಹಾಕಿಕೊಂಡು ಚೆನ್ನಾಗಿ ತಿಂದರೆ ಮರುದಿನ ಮೂತ್ರ ಕೆಂಪಗೆ ಹೋಗುತ್ತದೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿ ಗುಣ ಇರುತ್ತದೆ ಅನ್ನುವುದು ಹಿರಿಯರ ನಂಬಿಕೆ. ನಮ್ಮಜ್ಜಿಯಂತೂ ಬೆಳಗ್ಗೆ ಎದ್ದ ಕೂಡಲೇ ‘ಕೆಂಪಗೆ ಹೋಯ್ತಾ?’ ಅಂತ ಕೇಳಿ, ಹೌದು ಅಂದರೆ ಮದ್ದು ಮೈಗೆ ಹಿಡಿಯಿತು ಅಂತ ಖುಷಿಪಡುತ್ತಿದ್ದರು.

ನಾನು ನರ್ಸಿಂಗ್ ಮಕ್ಕಳಿಗೆ ವಾರ್ಡ್‌ನಲ್ಲಿ ಪಾಠ ಹೇಳುವವಳು. ಆ ವರ್ಷ ಎರಡನೇ ವರ್ಷದ ಬಿಎಸ್ಸಿ ಮಕ್ಕಳ ಮೆಡಿಕಲ್ ವಾರ್ಡ್ ಪೋಸ್ಟಿಂಗ್ ಸರಿಯಾಗಿ ಕಕ್ಕಡದಲ್ಲೇ ಬಂದಿತ್ತು. ಮಡಿಕೇರಿಯಲ್ಲಿ ಮಳೆ ಬಿಟ್ಟಿರಲಿಲ್ಲ. ಕಿಟಕಿಯಾಚೆ ಮಂಜು, ಒಳಗೆ ಹಗಲಲ್ಲೂ ಟ್ಯೂಬ್‌ಲೈಟ್. ರೋಗಿಗಳೆಲ್ಲ ಎರಡೆರಡು ರಗ್ಗು ಹೊದ್ದು ಮಲಗಿದ್ದರು.

ಜ್ವರದ ರೋಗಿಯೊಬ್ಬರನ್ನು ಕೊಟ್ಟಾಯಂ ಕಡೆಯ ಹುಡುಗನಿಗೆ ಕೇಸ್ ಆಗಿ ಕೊಟ್ಟಿದ್ದೆ. ನಲವತ್ತರ ಆಸುಪಾಸಿನ ಕೂಲಿ ಕೆಲಸದವರು. ತೋಟದ ಲೈನ್ ಮನೆಯಲ್ಲಿ ವಾಸ, ಆಗ ಪೊನ್ನಂಪೇಟೆ ಕಡೆ ನಾಟಿಗೆ ಹೋಗುತ್ತಿದ್ದರು. ನಾಲ್ಕು ದಿನದ ಜ್ವರ, ಮೈಕೈ ನೋವು. ಹಿಂದಿನ ರಾತ್ರಿ ಅಡ್ಮಿಟ್ ಆಗಿದ್ದರು. ಹುಡುಗ ಬೆಳಗ್ಗೆಯೇ ಕೇರ್ ಪ್ಲಾನ್, ಅಂದರೆ ರೋಗಿಯ ಸಮಸ್ಯೆ ಮತ್ತು ಆರೈಕೆಯ ಪಟ್ಟಿ, ಬರೆದು ತಂದ. ಅಂದವಾದ ಅಕ್ಷರ, ಸ್ಕೇಲ್ ಇಟ್ಟು ಎಳೆದ ಗೆರೆ. ಮೊದಲ ಸಮಸ್ಯೆ ಜ್ವರ, ಅದಕ್ಕೆ ಟೆಪಿಡ್ ಸ್ಪಂಜಿಂಗ್. ಎರಡನೆಯದು ನೋವು. ಮೂರನೆಯದು ಕಾಯಿಲೆ ಬಗ್ಗೆ ತಿಳಿವಳಿಕೆಯ ಕೊರತೆ. ಈ ಮೂರನೆಯದು ಎಲ್ಲ ಮಕ್ಕಳ ಫೈಲ್‌ನಲ್ಲೂ ಇರುತ್ತದೆ, ಯಾವ ರೋಗಿಗಾದರೂ ಹೊಂದುತ್ತದೆ. ಸೀನಿಯರ್ ಫೈಲ್‌ನಿಂದ ಇಳಿದು ಬಂದದ್ದು ಅಂತ ನೋಡಿದ ಕೂಡಲೇ ಗೊತ್ತಾಗುತ್ತದೆ. ರಗ್ಗಿನೊಳಗೆ ನಡುಗುತ್ತಿರುವವರಿಗೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುತ್ತೀಯಾ ಅಂತ ಕೇಳಿದೆ. ಹುಡುಗ ತಲೆ ಕೆರೆದುಕೊಂಡ.

ಅಷ್ಟರಲ್ಲಿ ಅವನ ಕಣ್ಣು ಮಂಚದ ಕೆಳಗಿನ ಬಾಟಲಿ ಮೇಲೆ ಬಿತ್ತು. ‘ಮ್ಯಾಮ್, ಹೆಮಚೂರಿಯಾ!’ ಅಂದ. ಮೂತ್ರದಲ್ಲಿ ರಕ್ತ. ಪಕ್ಕದಲ್ಲಿದ್ದ ನಾಪೋಕ್ಲು ಕಡೆಯ ಹುಡುಗಿ ನಕ್ಕುಬಿಟ್ಟಳು. ‘ನಿನ್ನೆ ಕಕ್ಕಡ ಹದಿನೆಂಟು ಅಲ್ವಾ, ಪಾಯಸ ತಿಂದಿರ್ತಾರೆ ಬಿಡೋ. ನಂದೂ ಇವತ್ತು ಹಾಗೇ ಇದೆ.’ ಎಲ್ಲರೂ ನಕ್ಕರು. ರೌಂಡ್ಸ್ ಮುಗಿಸಿ ಬಂದ ಸಿಸ್ಟರ್ ಕೂಡ ನಕ್ಕು, ಬೆಳಗ್ಗೆಯಿಂದ ಇಂಥ ಎಷ್ಟೋ ಬಾಟಲಿ ನೋಡಿದೆ ಅಂದರು.

ಇಬ್ಬರು ಹೇಳಿದ್ದೂ ತಪ್ಪಲ್ಲ. ಕೆಂಪು ಮೂತ್ರ ಅಂದರೆ ರಕ್ತ ಇರಬಹುದು ಅಂತ ಅವನಿಗೆ ಪುಸ್ತಕ ಹೇಳಿತ್ತು. ಕೆಂಪು ಮೂತ್ರ ಅಂದರೆ ಮದ್ದು ಸೊಪ್ಪು ಅಂತ ಅವಳಿಗೆ ಮನೆ ಹೇಳಿತ್ತು. ಆದರೆ ಮಲಗಿದ್ದ ಮನುಷ್ಯನನ್ನು ಇಬ್ಬರೂ ಕೇಳಿರಲಿಲ್ಲ. ನಾನು ಬಾಯಿ ಬಿಡಲಿಲ್ಲ. ‘ನಿಮ್ಮಿಬ್ಬರಲ್ಲಿ ಯಾರು ಸರಿ ಅಂತ ಹೇಗೆ ಗೊತ್ತು ಮಾಡ್ಕೊಳ್ತೀರಿ?’ ಅಂತಷ್ಟೇ ಕೇಳಿದೆ.

ಹುಡುಗಿಯೇ ಹೋಗಿ ವಿಚಾರಿಸಿದಳು. ಉತ್ತರ ಕೊಟ್ಟದ್ದು ಹೆಂಡತಿ. ‘ಎಂಥ ಪಾಯಸ ಸಿಸ್ಟರ್? ಮೂರು ದಿನದಿಂದ ಗಂಜಿ ಕೂಡ ಇಳೀತಿಲ್ಲ.’

ನಗು ಅಲ್ಲಿಗೇ ನಿಂತಿತು. ಇಬ್ಬರೂ ಬಾಟಲಿ ಎತ್ತಿಕೊಂಡು ಕಿಟಕಿ ಹತ್ತಿರ ಹೋದರು. ಸ್ವಲ್ಪ ಅಲುಗಾಡಿಸಿ ನೋಡಿ ಅಂದೆ. ಕೆಂಪಲ್ಲ, ಕಡುಕಂದು. ಡಿಕಾಕ್ಷನ್ ಬಣ್ಣ. ಮೇಲೆ ಎದ್ದ ನೊರೆ ಹಳದಿ. ಮಾಮೂಲಿ ಮೂತ್ರದ ನೊರೆ ಬಿಳಿಯಿರುತ್ತದೆ, ಕಾಮಾಲೆಯಲ್ಲಿ ಹೆಚ್ಚುವ ಬಿಲಿರುಬಿನ್ ಅನ್ನುವ ಹಳದಿ ವಸ್ತು ಬೆರೆತರೆ ನೊರೆಗೂ ಹಳದಿ ಹಿಡಿಯುತ್ತದೆ. ಇದನ್ನು ಥಿಯರಿಯಲ್ಲಿ ಹೇಳಿದ್ದೆ, ಇಬ್ಬರೂ ಪರೀಕ್ಷೆಯಲ್ಲಿ ಬರೆದೂ ಇದ್ದರು. ಹುಡುಗಿಗೆ ತಕ್ಷಣ ಏನೋ ಹೊಳೆಯಿತು. ರೋಗಿಯನ್ನು ಎಬ್ಬಿಸಿ ಕಿಟಕಿ ಕಡೆ ತಿರುಗಿ ಕೂರಿಸಿದಳು. ಟ್ಯೂಬ್‌ಲೈಟ್ ಬೆಳಕಿನಲ್ಲಿ ಕಣ್ಣಿನ ಹಳದಿ ಸುಲಭವಾಗಿ ಕಾಣುವುದಿಲ್ಲ, ಹಗಲ ಬೆಳಕೇ ಬೇಕು. ಮಂಜಿನ ಆ ಮಬ್ಬು ಬೆಳಕಿನಲ್ಲೂ ಬಿಳಿಗುಡ್ಡೆ ತೆಳುವಾಗಿ ಹಳದಿಯಾಗಿದ್ದದ್ದು ಕಂಡಿತು. ಜೊತೆಗೆ ಎರಡೂ ಕಣ್ಣು ಕೆಂಪು, ಆದರೆ ಪಿಸುರಿಲ್ಲ, ನೀರೂ ಸುರಿಯುತ್ತಿಲ್ಲ.

ಅಲ್ಲಿಂದ ಮುಂದೆ ನಾನು ಕೇಳುವ ಅಗತ್ಯವೇ ಬೀಳಲಿಲ್ಲ. ಹುಡುಗ ಕಾಲಿನ ರಗ್ಗು ಸರಿಸಿದ. ಮೀನಖಂಡ ಮೆಲ್ಲಗೆ ಒತ್ತಿದ್ದಕ್ಕೆ ರೋಗಿ ಹಲ್ಲು ಕಚ್ಚಿ ಕಾಲು ಎಳೆದುಕೊಂಡರು. ಪಾದ, ಕಣಕಾಲಿನ ತುಂಬ ಸಣ್ಣ ಸಣ್ಣ ಗಾಯ. ಹುಡುಗ ಇದೇನು ಚರ್ಮರೋಗ ಅಂತ ಬಗ್ಗಿ ನೋಡುತ್ತಿದ್ದ. ‘ಜಿಗಣೆ ಕಚ್ಚಿದ್ದು,’ ಅಂದಳು ಹುಡುಗಿ. ಕೊಡಗಿನ ಮಳೆಗಾಲದಲ್ಲಿ ಅದನ್ನು ಗಾಯ ಅಂತ ಯಾರೂ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಆದರೆ ಗದ್ದೆಯ ನೀರಿನಲ್ಲಿ ಇಲಿಯ ಮೂತ್ರ ಬೆರೆತಿದ್ದರೆ ಲೆಪ್ಟೊಸ್ಪೈರಾ ಅನ್ನುವ ಬ್ಯಾಕ್ಟೀರಿಯಾ ಮೈಯೊಳಗೆ ಹೋಗಲು ಅಂಥ ಒಂದು ತೂತು ಸಾಕು. ಅದೇ ಇಲಿ ಜ್ವರ. ಪಿಸುರಿಲ್ಲದ ಕೆಂಪು ಕಣ್ಣು, ಮೀನಖಂಡದ ನೋವು, ಹಳದಿ ಎಲ್ಲ ಅದರ ಕಡೆಗೇ ಬೆರಳು ಮಾಡುತ್ತಿದ್ದವು. ಕಾಮಾಲೆ, ಮೂತ್ರಪಿಂಡದ ತೊಂದರೆ ಸೇರಿಕೊಂಡ ಜೋರಾದ ರೂಪವನ್ನು 1886ರಲ್ಲಿ ಅಡಾಲ್ಫ್ ವೈಲ್ ಅನ್ನುವ ಜರ್ಮನ್ ವೈದ್ಯ ವಿವರಿಸಿದ. ಆ ಕಾಯಿಲೆಗೆ ಅವನ ಹೆಸರೇ ಇದೆ. ಇದೆಲ್ಲ ಮಕ್ಕಳಿಗೆ ಬಾಯಿಪಾಠ. ಕೇಳಿದರೆ ನಿಂತಲ್ಲೇ ಒಪ್ಪಿಸುತ್ತಾರೆ.

ರೋಗದ ಹೆಸರು ಹೇಳುವುದು ನರ್ಸ್ ಕೆಲಸ ಅಲ್ಲ, ನಿಜ. ಕಂಡದ್ದನ್ನು ಒಂದಕ್ಕೊಂದು ಜೋಡಿಸಿ ಡಾಕ್ಟರಿಗೆ ಮುಟ್ಟಿಸುವುದು ನಮ್ಮದೇ ಕೆಲಸ. ಅದಕ್ಕೆ ಚಾರ್ಟ್ ನೋಡಬೇಕು. ಚಾರ್ಟ್‌ನಲ್ಲಿ ಏನಿತ್ತು ಗೊತ್ತಾ? ಯೂರಿನ್ ಕಾಲಂನಲ್ಲಿ ‘3 ಸಲ’ ಅಂತ. ಎಷ್ಟು ಅಂತಿಲ್ಲ. ಉಸಿರಾಟ ನಿಮಿಷಕ್ಕೆ 20. ಪಕ್ಕದ ಬೆಡ್‌ನವರದ್ದೂ 20, ಅದರಾಚೆಯವರದ್ದೂ 20. ನರ್ಸಿಂಗ್‌ನಲ್ಲಿರುವ ಯಾರನ್ನಾದರೂ ಕೇಳಿ, ಈ 20ರ ಕಥೆ ಹೇಳುತ್ತಾರೆ. ಒಂದು ಪೂರ್ತಿ ನಿಮಿಷ ಎದೆ ನೋಡುತ್ತಾ ನಿಲ್ಲುವುದಕ್ಕೆ ಯಾರಿಗೂ ಪುರುಸೊತ್ತಿಲ್ಲ. ಕೆಲವು ವಾರ್ಡ್‌ಗಳಲ್ಲಿ ಒಬ್ಬ ಸಿಸ್ಟರ್ ಎಷ್ಟು ಬೆಡ್ ನೋಡಬೇಕು ಅಂತ ಕಂಡವರು ಅವರನ್ನು ಬೈಯಲಾರರು. ಆದರೆ ಕಲಿಯುವ ಮಕ್ಕಳಿಗೆ ಆ ನೆಪ ಇಲ್ಲ. ನಿಂತು ಎಣಿಸು ಅಂದೆ. ಹುಡುಗ ಎಣಿಸಿದ, 28. ಇರಬೇಕಾದ್ದಕ್ಕಿಂತ ಜೋರು.

ಬೆಳಗ್ಗೆ 8ಕ್ಕೆ ಖಾಲಿ ಬಾಟಲಿ ಇಟ್ಟದ್ದು ಅಂತ ಹೆಂಡತಿಗೆ ನೆನಪಿತ್ತು. ಈಗ ಮಧ್ಯಾಹ್ನ 1 ಗಂಟೆ. ಅಳೆದರೆ 90 ಎಂಎಲ್. ರೋಗಿಯ ತೂಕ 52 ಕೆಜಿ. ಕೆಜಿಗೆ ಗಂಟೆಗೆ ಅರ್ಧ ಎಂಎಲ್ ಆದರೂ ಬರಬೇಕು. ಹುಡುಗ ಅಂಗೈ ಮೇಲೆ ಪೆನ್ನಿನಲ್ಲಿ ಲೆಕ್ಕ ಹಾಕಿದ. ಗಂಟೆಗೆ 26, ಐದು ಗಂಟೆಗೆ 130. ನಲವತ್ತು ಎಂಎಲ್ ಕಡಿಮೆ, ಅದೂ ಡ್ರಿಪ್ ಹೋಗುತ್ತಿರುವಾಗ.

ಆಗ ಹುಡುಗಿ ಕೇಸ್ ಶೀಟ್ ತಿರುವಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ನೋವು ಜಾಸ್ತಿಯಾದರೆ ಡೈಕ್ಲೋಫೆನಾಕ್ ಇಂಜೆಕ್ಷನ್, ಸ್ನಾಯುವಿಗೆ. ‘ಮ್ಯಾಮ್, ಇದು ಕಿಡ್ನಿಗೆ ಒಳ್ಳೇದಲ್ಲ ಅಲ್ವಾ? ಪ್ಲೇಟ್ಲೆಟ್ ಕಡಿಮೆ ಇದ್ದರೆ ಸೂಜಿ ಚುಚ್ಚಿದ ಕಡೆ ರಕ್ತನೂ ಕಟ್ಟಬಹುದು.’ ಮತ್ತೆ ರೋಗಿಯ ಹತ್ತಿರ ಓಡಿ, ಮನೆಯಲ್ಲಿ ಯಾವ ಮಾತ್ರೆ ನುಂಗಿದ್ದಿರಿ ಅಂತ ಕೇಳಿದಳು. ಹೆಂಡತಿ ಸೆರಗಿನ ಗಂಟು ಬಿಚ್ಚಿ ಖಾಲಿ ಸ್ಟ್ರಿಪ್ ತೆಗೆದುಕೊಟ್ಟರು. ಮೆಡಿಕಲ್ ಶಾಪ್‌ನಿಂದ ತಂದ ನೋವಿನ ಮಾತ್ರೆ, ಅದೇ ಡೈಕ್ಲೋಫೆನಾಕ್.

ನನಗೆ ಆ ದಿನ ಜಾಸ್ತಿ ಖುಷಿ ಕೊಟ್ಟದ್ದು ಈ ಪ್ರಶ್ನೆಯೇ. ಕಣ್ಣು ಹಳದಿ ಅನ್ನುವುದನ್ನು ತೋರಿಸಿಕೊಡಬಹುದು. ಫಾರ್ಮಕಾಲಜಿಯಲ್ಲಿ ಓದಿದ್ದನ್ನು ಯಾರೂ ಕೇಳದೇ ಇರುವಾಗ ಇಲ್ಲಿಗೆ ಎಳೆದು ತರುವುದನ್ನು ಹೇಳಿಕೊಡುವುದು ಕಷ್ಟ. ನಾವು ಮಾರ್ಕ್ ಕೊಡುವುದು ಫೈಲ್‌ಗೆ. ಇಂಥ ಪ್ರಶ್ನೆಗೆ ನಮ್ಮ ಫಾರ್ಮ್‌ನಲ್ಲಿ ಕಾಲಂ ಇಲ್ಲ.

ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ ಅಂತ ಸಿಸ್ಟರ್ ಹುಡುಗನ ಕೈಗೇ ರಿಸೀವರ್ ಕೊಟ್ಟರು. ಮೊದಲು ತಡವರಿಸಿದ. ಆಮೇಲೆ ಕ್ರಮವಾಗಿ ಹೇಳಿದ. ಯಾರು, ಏನಾಗಿದೆ, ಏನು ಕಂಡಿತು, ಎಷ್ಟು ಮೂತ್ರ, ಉಸಿರು ಎಷ್ಟು, ನೋವಿನ ಇಂಜೆಕ್ಷನ್ ಕೊಡದೆ ಹಿಡಿದಿದ್ದೇವೆ, ದಯವಿಟ್ಟು ಈಗಲೇ ಬಂದು ನೋಡಿ. ಡಾಕ್ಟರ್ ಬಂದರು, ಡೈಕ್ಲೋಫೆನಾಕ್ ಸಾಲು ಹೊಡೆದುಹಾಕಿದರು, ರಕ್ತ ಕಳಿಸಿದರು. ಸಂಜೆ ಬಂದ ರಿಪೋರ್ಟ್‌ನಲ್ಲಿ ಕಿಡ್ನಿ ಸೋತರೆ ಏರುವ ಕ್ರಿಯಾಟಿನಿನ್ ಏರಿತ್ತು, ಪ್ಲೇಟ್ಲೆಟ್ ಇಳಿದಿತ್ತು. ಲೆಪ್ಟೊ ಆಂಟಿಬಾಡಿ ಟೆಸ್ಟ್ ಮೊದಲ ದಿನಗಳಲ್ಲಿ ನೆಗೆಟಿವ್ ಬರಬಹುದು. ಅದಕ್ಕೆ ಕಾಯದೆ ಸೆಫ್ಟ್ರಿಯಾಕ್ಸೋನ್ ಅನ್ನುವ ಆಂಟಿಬಯೋಟಿಕ್ ಶುರು ಮಾಡಿದರು.

ಮಧ್ಯೆ ಒಂದು ತಮಾಷೆಯೂ ಆಯಿತು. ಅದೇ ಹುಮ್ಮಸ್ಸಿನಲ್ಲಿ ಹುಡುಗ ವಾರ್ಡ್‌ನ ಕೊನೆಯಲ್ಲಿದ್ದ ಅಜ್ಜಿಯೊಬ್ಬರ ಬಾಟಲಿಗೂ ಮೂತ್ರ ಪರೀಕ್ಷೆಯ ಪಟ್ಟಿ ಅದ್ದಿದ. ಪಟ್ಟಿಯಲ್ಲಿ ರಕ್ತ ತೋರಿಸುವ ಚೌಕ ಬಣ್ಣ ಬದಲಿಸಲಿಲ್ಲ. ಬಟ್ಟಲುಗಟ್ಟಲೆ ಪಾಯಸ ತಿಂದಿದ್ದೇನೆ, ಇನ್ನೇನು ಬರುತ್ತೆ ಅಂತ ಅಜ್ಜಿ ಅವನಿಗೇ ಗದರಿದರು.

ಮರುದಿನದ ಕೇರ್ ಪ್ಲಾನ್ ಗೀಚುಗೀಚಾಗಿತ್ತು, ನನಗೆ ಇಷ್ಟವಾಯಿತು. ಮೊದಲ ಸಾಲಿನಲ್ಲೇ ಮೂತ್ರದ ಪ್ರಮಾಣ, ಗಂಟೆ ಗಂಟೆಯ ಲೆಕ್ಕ. ಜ್ವರ ಕೆಳಗಿಳಿದಿತ್ತು. ಕೊನೆಯಲ್ಲಿ ಮಾತ್ರ ಹಳೇ ಚಾಳಿ. ‘ಗಂಬೂಟ್ ಧರಿಸಲು ತಿಳಿಸುವುದು.’ ಸರಿ, ಹೋಗಿ ತಿಳಿಸು ಅಂತ ಕಳಿಸಿದೆ. ರೋಗಿಗೆ ಆಗಲೇ ಸ್ವಲ್ಪ ಜೀವ ಬಂದಿತ್ತು. ‘ನಾಟಿ ಗದ್ದೆಗೆ ಬೂಟು ಹಾಕಿ ಇಳಿದು ನೋಡು ಮಗ. ನೀನು ಮೇಲೆ ಬರ್ತೀಯ, ಬೂಟು ಅಲ್ಲೇ ಇರುತ್ತೆ,’ ಅಂದರು.

ಇಬ್ಬರೂ ಅವರ ಜೊತೆ ಕೂತು ಬೇರೆ ಪಟ್ಟಿ ಮಾಡಿದರು. ಜಿಗಣೆ ಕಚ್ಚಿದ ಗಾಯಕ್ಕೆ ನೀರು ಹೋಗದ ಪ್ಲಾಸ್ಟರ್ ಹಾಕುವುದು. ಗದ್ದೆಯಿಂದ ಬಂದ ಕೂಡಲೇ ಸೋಪು ಹಚ್ಚಿ ಕಾಲು ತೊಳೆಯುವುದು. ನಾಟಿ ಸಮಯದಲ್ಲಿ ಜ್ವರ ಬಂದರೆ ನೋವಿನ ಮಾತ್ರೆ ನುಂಗಿ ಕಾಯದೆ, ಗದ್ದೆ ಕೆಲಸ ಮಾಡುತ್ತೇನೆ ಅಂತ ಮೊದಲೇ ಡಾಕ್ಟರಿಗೆ ಹೇಳುವುದು. ಇಲಿ ಜ್ವರ ಬಾರದಂತೆ ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಮಾತ್ರೆ ಬೇಕಾ ಅಂತ ಡಾಕ್ಟರನ್ನು ಕೇಳಿ ಹೇಳುತ್ತೇವೆ ಅಂದರು. ಎಲ್ಲ ಕೇಳಿಸಿಕೊಂಡ ಮೇಲೆ ರೋಗಿಯದ್ದು ಒಂದೇ ಪ್ರಶ್ನೆ. ಇನ್ನೂ ಎರಡು ಗದ್ದೆ ಬಾಕಿ ಇದೆ, ಯಾವಾಗ ಇಳಿಯಬಹುದು? ಹುಡುಗಿ ನನ್ನ ಮುಖ ನೋಡಲಿಲ್ಲ. ‘ಮೊದಲು ಇವತ್ತು ಎಷ್ಟು ಯೂರಿನ್ ಹೋಗುತ್ತೆ ನೋಡೋಣ,’ ಅಂತ ಬಾಟಲಿಗೆ ಗಂಟೆ ಬರೆದು ಅಂಟಿಸಿದಳು.